ನೆರೆಕಡಲ ಕಿವಿ

ಒಂದು ದೇಶದ ಕಡಲಿಗೆ ಪಕ್ಕದ ದೇಶದವರು ಕಿವಿಗೊಟ್ಟು ಕೂರುವ ಏರ್ಪಾಡು ಬರುತ್ತದೆ ಎಂದಾಗ ಗಂಗೊಳ್ಳಿ ಬಂದರಿನಲ್ಲಿ ನಗದವರಿರಲಿಲ್ಲ. ನಮ್ಮ ಮನೆಯ ಗುಟ್ಟು ಕೇಳುವುದಕ್ಕೆ ನೆರೆಮನೆಯವರನ್ನು ನೇಮಿಸಿದ ಹಾಗಾಯಿತಲ್ಲ ಎಂದು ಬೋಟಿನವರು ಆಡಿಕೊಂಡರು. ಆದರೆ ಏರ್ಪಾಡು ಮಾಡಿದವರು ಪೆದ್ದರೇನಲ್ಲ. ಮೊದಲು ಆಯಾ ದೇಶದವರೇ ಆಯಾ ಕಡಲನ್ನು ಕಾಯುತ್ತಿದ್ದರು. ಮೊಟ್ಟೆಯಿಡುವ ಕಾಲದಲ್ಲಿ ಮೀನು ಹಿಡಿಯಬಾರದು ಎಂಬ ಕಾನೂನು ಎಲ್ಲ ಕಡೆಯೂ ಇತ್ತು, ಎಲ್ಲ ಕಡೆಯೂ ಕಾವಲಿನವರು ‘ಇಲ್ಲಿ ಯಾರೂ ಹಿಡಿಯಲಿಲ್ಲ’ ಎಂದೇ ಬರೆಯುತ್ತಿದ್ದರು, ಮೀನು ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಇತ್ತು. ತಮ್ಮವರ ಮೇಲೆ ತಾವೇ ಸಾಕ್ಷಿ ಹೇಳುವವರು ಎಲ್ಲಿದ್ದಾರೆ?

ಮೀನಿಗೆ ಗಡಿ ಗೊತ್ತಿಲ್ಲ. ಮಳೆಗಾಲದಲ್ಲಿ ನಮ್ಮ ದಡದ ಕೆಸರುನೀರಿನಲ್ಲಿ ಹುಟ್ಟಿದ ಮರಿ ನೀರಿನ ಸೆಳೆತಕ್ಕೆ ಸಿಕ್ಕಿ ಎಲ್ಲೆಲ್ಲಿಗೋ ಹೋಗುತ್ತದೆ, ಅದನ್ನು ತಿನ್ನಲು ಬರುವ ದೊಡ್ಡ ಮೀನನ್ನು ಮಾಲ್ಡೀವ್ಸಿನವರು ಗಾಳ ಹಾಕಿ ಒಂದೊಂದಾಗಿ ಹಿಡಿಯುತ್ತಾರೆ. ಇಲ್ಲಿ ಬಸುರಿ ಮೀನನ್ನು ಬಳಿದರೆ ಅಲ್ಲಿಯ ಒಲೆ ಉರಿಯುವುದಿಲ್ಲ. ಹಾಗಾಗಿ ಭಾರತ, ಶ್ರೀಲಂಕಾ, ಮಾಲ್ಡೀವ್ಸ್, ಬಾಂಗ್ಲಾದೇಶ ನಾಲ್ಕೂ ಸೇರಿ ನೆರೆಕಡಲ ಒಪ್ಪಂದ ಅಂತ ಮಾಡಿಕೊಂಡವು. ಕಡಲಿನುದ್ದಕ್ಕೂ ಬೋಯಾ ಎಂಬ ತೇಲುಬುರುಡೆಗಳನ್ನು ಬಿಟ್ಟು, ಒಂದೊಂದರ ಅಡಿಗೂ ನೀರೊಳಗಿನ ಸದ್ದು ಹಿಡಿಯುವ ಯಂತ್ರ ಕಟ್ಟಿದರು. ಅದಕ್ಕೆ ಜನ ಇಟ್ಟ ಹೆಸರು ಕಿವಿ. ಕಿವಿ ಕೇಳಿದ್ದನ್ನು ಯಂತ್ರವೇ ಮೊದಲು ಊಹಿಸುತ್ತಿತ್ತು: ಮಳೆ, ತಿಮಿಂಗಿಲ, ನಾಡದೋಣಿ, ದೊಡ್ಡ ಬೋಟು. ಆದರೆ ಕೊನೆಯ ಮಾತು ಯಂತ್ರದ್ದಲ್ಲ, ನೆರೆದೇಶದಲ್ಲಿ ಕೂತ ಮನುಷ್ಯರದ್ದು. ಅವರು ‘ಕೇಳಿಸಿತು’ ಎಂದು ಒತ್ತಿದರೆ ದೊಡ್ಡ ಬೋಟು ಓಡಿದ್ದು ನಿಜ. ತಪ್ಪಿತಸ್ಥನ ಹೆಸರು ಯಾರೂ ಕೇಳುತ್ತಿರಲಿಲ್ಲ, ಆ ಇಡೀ ಬಂದರೇ ಮಳೆಗಾಲ ಕಳೆದ ಮೇಲೂ ಒಂದು ತಿಂಗಳು ಬಾಗಿಲು ಮುಚ್ಚಬೇಕಿತ್ತು.

ಗಂಗೊಳ್ಳಿ ಕೇಂದ್ರದಲ್ಲಿ ಕೂತು ಮಾಲ್ಡೀವ್ಸಿನ ಕಡಲನ್ನು ಕೇಳುತ್ತಿದ್ದವಳು ನಾಗವೇಣಿ. ಅವಳಿಗೆ ಆ ಕೆಲಸ ಸಿಕ್ಕಿದ್ದಕ್ಕೆ ಪಾಲಿಟೆಕ್ನಿಕ್ಕಿನ ಓದು ಒಂದು ಕಾರಣವಾದರೆ, ಹುಟ್ಟಿದ ಕೇರಿ ಇನ್ನೊಂದು. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಬುಟ್ಟಿ ಹಿಡಿದು ಕಾಯುವ ಹೆಂಗಸರಿಗೆ ಬೋಟು ಕಣ್ಣಿಗೆ ಬೀಳುವ ಮೊದಲೇ ಸದ್ದಿನಿಂದ ಗೊತ್ತಾಗುತ್ತಿತ್ತು, ಬಂದದ್ದು ತಮ್ಮ ಮನೆಯದೋ ಮಂದಿ ಮನೆಯದೋ ಎಂದು. ವೇಣಿ ಬೆಳೆದದ್ದು ಆ ಹೆಂಗಸರ ಸೆರಗಿನ ಸಂದಿಯಲ್ಲಿ.

ಗಂಗೊಳ್ಳಿಯ ಕಡಲನ್ನು ಕೇಳುತ್ತಿದ್ದವಳು ಮಾಲ್ಡೀವ್ಸಿನ ಕಂಧೂಫುಶಿ ಎಂಬ ದ್ವೀಪದ ಹವ್ವಾ. ಇಬ್ಬರೂ ಜೋಡಿ ಕೇಳುಗರು, ಇವಳಿಗೆ ತಿಳಿಯದ ಸದ್ದನ್ನು ಅವಳು ಬಿಡಿಸಿ ಹೇಳಬೇಕು, ಅವಳಿಗೆ ತಿಳಿಯದ್ದನ್ನು ಇವಳು. ನಡುವೆ ಒಬ್ಬಳ ಮಾತನ್ನು ಇನ್ನೊಬ್ಬಳ ಭಾಷೆಗೆ ಮಗುಚುವ ಯಂತ್ರವೊಂದಿತ್ತು. ಅದಕ್ಕೆ ಕನ್ನಡ ಕಲಿಸಿದವರು ಬರೀ ಪಠ್ಯಪುಸ್ತಕ ಓದಿಸಿದ್ದರೆಂದು ಕಾಣುತ್ತದೆ. “ನಮಸ್ಕಾರ, ಸೋದರಿ ನಾಗವೇಣಿ. ಇಂದು ತಮ್ಮ ಕಡಲು ಬಹಳ ಕುಪಿತಗೊಂಡಿದೆ” ಎಂದು ಹವ್ವಾ ಶುರು ಮಾಡಿದರೆ, ವೇಣಿಗೆ ಸೊಂಟಕ್ಕೆ ಕೈಯಿಟ್ಟು ನಿಂತ ಹೆಡ್‌ಮಾಸ್ತರರ ನೆನಪಾಗುತ್ತಿತ್ತು. ಇವಳಾದರೂ ತನ್ನ ಕುಂದಾಪುರದ ಮಾತನ್ನು ಬದಿಗಿಟ್ಟು, ಭಾಷಣ ಮಾಡುವವರ ಹಾಗೆ ಒಂದೊಂದೇ ಶಬ್ದ ಜೋಡಿಸಬೇಕಿತ್ತು. ಹಾಗಿದ್ದೂ ಅವರಿಬ್ಬರಿಗೆ ಒಗ್ಗಿಹೋಗಿತ್ತು. ಹಿಂದಿನ ವರ್ಷ ಅಳಿವೆಯ ಬಾಯಲ್ಲಿ ದೋಣಿಯೊಂದು ಮಗುಚಿದಾಗ ಅಡಿಹಲಗೆ ಬಡಿಯುತ್ತಿದ್ದವರ ಸದ್ದನ್ನು ಅಷ್ಟು ದೂರದಿಂದ ಮೊದಲು ಕೇಳಿ ಎಚ್ಚರಿಸಿದವಳು ಹವ್ವಾ. ಗಂಗೊಳ್ಳಿಯ ಇಬ್ಬರು ಗಂಡಸರು ಇವತ್ತು ಉಣ್ಣುತ್ತಿರುವುದು ಅವಳ ದಯೆಯಿಂದ.

ಆ ಹವ್ವಾಳ ವಿಷಯ ತೆಗೆದೇ ಒಂದು ದಿನ ವೇಣಿ ಮನೆಯಲ್ಲಿ ಎಲ್ಲರನ್ನೂ ನಗಿಸಿದಳು.

ಮಳೆಗಾಲ ಶುರುವಾಗಿತ್ತು. ಗಂಡ ಸುಧಾಕರ ಬೋಟಿನ ತಾಂಡೇಲ. ಬೋಟು ನಡೆಸುವುದು, ಬಲೆ ಎಲ್ಲಿ ಬಿಡಬೇಕೆಂದು ಹೇಳುವುದು ಅವನ ಕೆಲಸ. ಆದರೆ ಬೋಟು ಬಂದರಿನ ದಕ್ಕೆಯಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು. ಕೈಯಿಂದ ಬಲೆ ಎಳೆಯುವ ನಾಡದೋಣಿಗಳಿಗೆ ಮಾತ್ರ ಆಗ ಕಡಲಿಗಿಳಿಯಲು ಅವಕಾಶ. ಮಧ್ಯಾಹ್ನದ ಊಟಕ್ಕೆ ಅವನ ಬೋಟಿನವರಿಬ್ಬರು ಬಂದಿದ್ದರು. ಒಣಮೀನಿನ ಚಟ್ನಿ, ಕುಚ್ಚಲಕ್ಕಿ ಗಂಜಿ. ಮಾತು ಎಲ್ಲೆಲ್ಲಿಗೋ ಹೋಗಿ ಮಳೆಗೆ ಬಂತು.

“ಪಾಪ, ಹವ್ವಾಗೆ ನಮ್ ಮಳೆ ಅಂದ್ರೆ ಆತಿಲ್ಲೆ,” ಎಂದಳು ವೇಣಿ. “ಅವ್ರ್ ಬದಿ ಮಳೆ ಬಂತ್, ಹೋಯ್ತ್. ನಮ್ದ್ ಹಂಗಾ? ಜೋರ್ ಹೊಯ್ದದ್ದೇ ಕಿವಿಗೆ ಹಾಕಂಡದ್ ತೆಗ್ದ್ ಬದಿಗಿಟ್ಟ್ ಚಾ ಕುಡೂಕ್ ಕೂಕಂತ್ತ್. ‘ಸೋದರಿ, ತಮ್ಮ ಆಕಾಶಕ್ಕೆ ತಳವೇ ಇಲ್ಲವೇ?’” ಎಂದು ಯಂತ್ರದ ದನಿಯನ್ನೇ ಅಣಕಿಸಿ ತೋರಿಸಿದಳು.

ಗಂಡಸರು ಗಂಜಿ ಉಗುಳುವಷ್ಟು ನಕ್ಕರು. ನಗೆ ನಿಂತ ಮೇಲೆ ಸುಧಾಕರ ಕೇಳಿದ, “ಹಂಗಾರ್ ಜೋರ್ ಮಳೆ ಹೊಯ್ಯುವತ್ತಿಗ್ ಹವ್ವಾಗೆ ಎಂತದೂ ಕೇಂತಿಲ್ಯಾ?”

“ಎಂತ ಕೇಂಬುದ್? ಕಡಾಯಿಯಂಗ್ ಕಡ್ಲೆ ಹುರ್ದಂಗ್ ಆತ್ತ್. ಯಂತ್ರ ‘ಮಳೆ’ ಅಂತ್ತ್, ಹವ್ವಾ ‘ಹೌದು’ ಅಂತ್ತ್. ಕೆಲ್ಸ ಮುಗೀತ್.”

ಒಲೆಯ ಬದಿಯಲ್ಲಿ ಕೂತಿದ್ದ ಅತ್ತೆ ಅಕ್ಕಣಿ ಮಾತ್ರ ನಗಲಿಲ್ಲ. ಆಯುಷ್ಯವಿಡೀ ಬುಟ್ಟಿ ಹೊತ್ತು ಮೀನು ಮಾರಿದ ಹೆಂಗಸು. “ಅಷ್ಟ್ ದೂರ ಕೂಕಂಡ್ ನಮ್ ಗಂಡ್ಮಕ್ಳ ಜೀವ ಉಳ್ಸದ್ದಲ್ದಾ ಅದ್? ಅದ್ರ ಮೇಲ್ ನಗಾಡ್ತ್ರಿ. ನಗಾಡಿ, ನಗಾಡಿ,” ಎಂದಳು.

“ತಮಾಷಿಗ್ ಹೇಳದ್ದ್ ಅತ್ತೆ,” ಎಂದಳು ವೇಣಿ. ಅದು ತಮಾಷೆಯೇ ಆಗಿತ್ತು.

ಆಷಾಢ ಹಿಡಿದ ಮೇಲೆ ಒಂದು ಮಧ್ಯಾಹ್ನ ಪಾಳಿ ಮುಗಿಸಿ ಮನೆಗೆ ಬಂದಾಗ ಗೇಟಿನ ತನಕ ಹಸಿಮೀನಿನ ಸಾರಿನ ಪರಿಮಳ ಬಂದಿತ್ತು. ತೆಂಕಣದವರು ಬೂತಾಯಿ ಎನ್ನುವ ಬೈಗೆ ಮೀನು, ಪಾತ್ರೆ ತುಂಬ. ಅಂಗಳದ ಮೂಲೆಯಲ್ಲಿ ಇನ್ನೂ ಒಂದು ಬುಟ್ಟಿ. ವೇಣಿ ಕೈ ತೊಳೆದು ಕೂತು ಮೀನೊಂದನ್ನು ಬಿಡಿಸಿದಳು. ಹೊಟ್ಟೆ ತುಂಬ ಮೊಟ್ಟೆ. ಇನ್ನೊಂದನ್ನು ಬಿಡಿಸಿದಳು. ಅದರಲ್ಲೂ ಹಾಗೆಯೇ.

“ಎಲ್ಲ್ ಸಿಕ್ತ್ ಇದ್?”

“ದೋಣಿಯವ್ರ್ ಕೊಟ್ರ್. ಉಣ್ಣ್,” ಎಂದ ಸುಧಾಕರ. ಅವನ ಅಂಗೈಗೆ ಹೊಸ ಗ್ರೀಸು ಮೆತ್ತಿತ್ತು. ನಾಡದೋಣಿಯಲ್ಲಿ ಗ್ರೀಸಿಗೇನು ಕೆಲಸ?

“ನಮ್ ಬೋಟಿನ ವಿಂಚ್ ದೋಣಿಗ್ ಹತ್ಸಿದ್ರಿ ಅಲ್ದಾ?”

ಅವನು ಅನ್ನ ಕಲಸುತ್ತಲೇ ಇದ್ದ. ವಿಂಚು ಎಂದರೆ ಬಲೆಯ ಹಗ್ಗ ಸುತ್ತಿ ಎಳೆಯುವ ಸಣ್ಣ ಎಂಜಿನು. ಅದಿಲ್ಲದೆ ಪರ್ಸೀನ್ ಬಲೆ ಮೇಲೆ ಬರುವುದಿಲ್ಲ. ಪರ್ಸೀನ್ ಬಲೆಯೆಂದರೆ ಮೀನಿನ ಹಿಂಡನ್ನೇ ಸುತ್ತುಗಟ್ಟಿ ಚೀಲದ ಬಾಯಿ ಎಳೆದಂತೆ ಎಳೆಯುವ ಬಲೆ. ಮೊಟ್ಟೆಯಿಡಲು ಒಟ್ಟಾದ ಹಿಂಡಿಗೆ ಅದನ್ನು ಬೀಸಿದರೆ ಒಂದೂ ಉಳಿಯುವುದಿಲ್ಲ.

“ಮಳೆ ಜೋರ್ ಹೊಯ್ಯುವತ್ತಿಗ್ ಮಾತ್ರ,” ಎಂದ ಕೊನೆಗೆ. “ಆಗ ಹವ್ವಾಗೆ ಎಂತದೂ ಕೇಂತಿಲ್ಲೆ ಅಂದ್ ನೀನೇ ಹೇಳದ್ದಲ್ದಾ?”

ವೇಣಿಗೆ ಕೋಪ ಬರಬೇಕಿತ್ತು, ಬಂದದ್ದು ನಾಚಿಕೆ. ಬೋಟಿನ ಅಷ್ಟೂ ಮಂದಿ ಆ ಮಾತಿನ ಬಲದ ಮೇಲೆ ಕಡಲಿಗಿಳಿದಿದ್ದಾರೆ, ಈಗ ದೂರು ಹೇಳಿದರೆ ಇಡೀ ಬಂದರು ಮುಚ್ಚುತ್ತದೆ, ಹೇಳುವವಳು ಯಾರು, ಇದೇ ಮನೆಯ ಸೊಸೆ. ಒಂದು ಸಲ ಆಗಿಹೋಯಿತು, ಇನ್ನು ಹೋಗಬೇಡಿ ಎಂದು ಹೇಳಿದರೆ ಸಾಕು ಎಂದುಕೊಂಡಳು. ಹೇಳಿದಳು ಕೂಡ. ಅವನು ಹೂಂ ಎಂದ. ಆಮೇಲೆ ಅವಳು ಉಂಡಳು. ಹುಳಿ, ಖಾರ ಎಲ್ಲ ಹದವಾಗಿತ್ತು. ಮುಂದೆ ಬಹಳ ಕಾಲ ಅವಳನ್ನು ಕಾಡಿದ್ದು ಅದೇ. ಆ ಮೀನು ರುಚಿಯಾಗಿತ್ತು.

ಹೂಂ ಎಂದವನು ಮತ್ತೆ ಹೋದ ಎಂಬುದು ಅವಳಿಗೆ ತಿಳಿದದ್ದು ಹವ್ವಾಳ ಬಾಯಿಂದ.

“ಸೋದರಿ, ತಾವು ನಗಬಾರದು. ನಾನು ತಮ್ಮ ಮಳೆಯನ್ನು ಅಭ್ಯಾಸ ಮಾಡುತ್ತಿದ್ದೇನೆ,” ಎಂದಳು ಹವ್ವಾ. ಕೇಂದ್ರದ ಗಾಜಿನ ಹೊರಗೆ ಆಗಲೂ ಮಳೆ. “ಮಳೆ ಬಂದ ಕೂಡಲೇ ಕಿವಿಯಿಂದ ಸಾಧನ ತೆಗೆದಿಡುತ್ತಿದ್ದುದು ನನ್ನ ಸೋಮಾರಿತನ. ಅದು ಸರಿಯಲ್ಲವೆಂದು ತೋರಿತು. ಈಗ ಕೊನೆಯವರೆಗೂ ಕೇಳುತ್ತೇನೆ. ತಮ್ಮ ಮಳೆಯಲ್ಲಿ ಬಹಳ ಪದರಗಳಿವೆ.”

“ಹೌದು, ಇವೆ,” ಎಂದಳು ವೇಣಿ.

“ಎಲ್ಲಕ್ಕಿಂತ ಕೆಳಗಿನ ಪದರದಲ್ಲಿ ಹೊಲಿಗೆ ಯಂತ್ರ ಓಡಿದಂಥ ಒಂದು ಸದ್ದು ಇದೆ. ಯಂತ್ರಕ್ಕೆ ಅದು ಏನೆಂದು ತಿಳಿಯುತ್ತಿಲ್ಲ. ನನಗೂ ತಿಳಿಯುತ್ತಿಲ್ಲ. ತಾವು ಕೇಳಿ ಹೇಳಬೇಕು.”

ಸದ್ದು ಬಂತು. ವೇಣಿಗೆ ಎರಡು ಉಸಿರು ಕೂಡ ಬೇಕಾಗಲಿಲ್ಲ. ಅವರ ಬೋಟಿನ ವಿಂಚಿಗೆ ಒಂದು ಹಲ್ಲು ಸವೆದಿತ್ತು. ಸುತ್ತುವಾಗ ನಡುನಡುವೆ ತೊದಲುತ್ತಿತ್ತು. ಆ ತೊದಲನ್ನು ಅವಳು ನಿದ್ದೆಯಲ್ಲೂ ಗುರುತಿಸುತ್ತಿದ್ದಳು.

ಸದ್ದು ಊಹಿಸುವ ಈ ಯಂತ್ರದ ಬಗ್ಗೆ ಒಂದು ಮಾತು ಇಲ್ಲಿ ಹೇಳಬೇಕು. ತನಗೆ ತಿಳಿಯದ ಸದ್ದಿಗೆ ಆಯಾ ದಡದವರು ಏನು ಹೆಸರು ಹೇಳುತ್ತಾರೋ ಅದನ್ನು ಅದು ಪಾಠವೆಂದು ಕಲಿಯುತ್ತಿತ್ತು. ಒಂದು ಕಡೆ ಕಲಿತದ್ದು ಮರುದಿನವೇ ನಾಲ್ಕೂ ದೇಶಗಳ ಎಲ್ಲ ಕಿವಿಗಳಿಗೂ ಹೋಗುತ್ತಿತ್ತು. ತಮ್ಮ ಕಡಲನ್ನು ತಮ್ಮಷ್ಟು ಬಲ್ಲವರು ಬೇರೆ ಯಾರು ಎಂಬ ನಂಬಿಕೆಯ ಮೇಲೆ ಕಟ್ಟಿದ ಯಂತ್ರ ಅದು. ಮರ್ಯಾದೆಗೆಂದು, ಪಾಠ ಕಲಿಸಿದವರ ಹೆಸರನ್ನೂ ಅದರ ಜೊತೆ ಬರೆದಿಡುತ್ತಿತ್ತು.

“ಚಿಪ್ಪು,” ಎಂದಳು ವೇಣಿ. “ಬಂಡೆಗೆ ಅಂಟಿದ ಚಿಪ್ಪುಗಳು. ಮಳೆಗಾಲದ ಅಲೆಗೆ ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತವೆ.”

“ಹಾಗೆಯೇ? ಎಷ್ಟು ಸೊಗಸು,” ಎಂದಳು ಹವ್ವಾ. “ತಮ್ಮ ಕಡಲು ತಮಗೆ ಗೊತ್ತು.”

ಪರದೆಯ ಮೇಲೆ ಅಕ್ಷರ ಮೂಡಿತು. ಹೊಸ ಪಾಠ ಸ್ವೀಕರಿಸಲಾಗಿದೆ: ಚಿಪ್ಪಿನ ಸದ್ದು. ಕಲಿಸಿದವರು: ನಾಗವೇಣಿ, ಗಂಗೊಳ್ಳಿ.

ಆ ದಿನ ಮನೆಗೆ ಹೋದವಳು ಗಂಡನ ಎದುರು ನಿಂತು, “ಇನ್ನೊಂದ್ ಸರ್ತಿ ಆ ವಿಂಚ್ ನೀರ್ ಕಂಡ್ರೆ ನಾ ಈ ಮನೆಯಂಗ್ ಇಪ್ಪುದಿಲ್ಲೆ,” ಎಂದಳು. ಅವನಿಗೂ ಹೆದರಿಕೆಯಾಗಿರಬೇಕು. ವಿಂಚು ಬಿಚ್ಚಿ ಬೋಟಿಗೆ ಹಾಕಿದ. ಆಮೇಲೆ ನಿಜವಾಗಿಯೂ ಹೋಗಲಿಲ್ಲ. ಮುಗಿಯಿತು ಎಂದೇ ವೇಣಿ ತಿಳಿದಳು. ಸುಳ್ಳೊಂದನ್ನು ಹೇಳಿ ಅದು ಹೇಳಿದಲ್ಲೇ ಬಿದ್ದಿರುತ್ತದೆ ಎಂದು ತಿಳಿಯುವವರು ಅವಳೊಬ್ಬಳೇ ಅಲ್ಲವಲ್ಲ.

ಯಾವ ದಡದಲ್ಲಿ, ಯಾರು ಮೊದಲು ಕಂಡುಕೊಂಡರೋ ಗೊತ್ತಿಲ್ಲ. ಸಣ್ಣ ದೋಣಿಗೆ ವಿಂಚು ಹತ್ತಿಸಿದರೆ ಈಚೆಗೆ ಯಾರೂ ಹಿಡಿಯುತ್ತಿಲ್ಲ ಎಂಬ ಸುದ್ದಿ ಮಾತ್ರ ದಕ್ಕೆಯಿಂದ ದಕ್ಕೆಗೆ ದಾಟಿತು. ಕಿವಿಗಳು ಇದ್ದಲ್ಲೇ ಇದ್ದವು, ಕೇಳುತ್ತಲೂ ಇದ್ದವು. ಕೇಳಿದ್ದನ್ನೆಲ್ಲ ಚಿಪ್ಪು ಎನ್ನುತ್ತಿದ್ದವು.

ಹೊಸ ವರ್ಷ ಹುಟ್ಟಿದ ಮೇಲೆ ಕೇಂದ್ರದ ಮುಖ್ಯಸ್ಥ ಪ್ರಸಾದ ಶೇಟರ ಮುಖ ಸಣ್ಣಗಾಯಿತು. ಕಾರವಾರದ ಕಡೆಯ ಮನುಷ್ಯ, ಯಾರ ಮೇಲೂ ದನಿ ಎತ್ತಿದವರಲ್ಲ. “ನಾಲ್ಕೂ ಕಡೆ ಮೀನಿನ ಮೊಟ್ಟೆ ಕಮ್ಮಿ ಅಂತ ಬಂದಿದೆ ನೋಡಿ, ನಾಗವೇಣಿಯವರೇ. ಯಾರೂ ಹಿಡಿದಿಲ್ಲ, ಆದ್ರೂ ಇಲ್ಲ. ನೀರು ಬಿಸಿಯಾಗಿದ್ದಕ್ಕೆ ಅಂತ ಕೆಲವರು, ರೋಗ ಅಂತ ಕೆಲವರು. ಎಂಥದೂ ತಲೆಬುಡ ಹತ್ತೋದಿಲ್ಲ,” ಎಂದರು.

ಅದಾದ ಸ್ವಲ್ಪ ದಿನಕ್ಕೆ ಹವ್ವಾ ಹೇಳಿದಳು, ದೂರಿನ ದನಿಯಲ್ಲಿ ಅಲ್ಲ, ಸುಮ್ಮನೆ ಮನೆಸುದ್ದಿ ಹೇಳುವ ಹಾಗೆ. “ನನ್ನ ತಮ್ಮ ಗಾಳದ ದೋಣಿ ಬಿಟ್ಟು ಪ್ರವಾಸಿಗರ ಹೋಟೆಲಿಗೆ ಪಾತ್ರೆ ತೊಳೆಯಲು ಹೋದ. ಗಾಳಕ್ಕೆ ಸಿಕ್ಕಿಸಲು ಸಣ್ಣ ಮೀನು ಬೇಕಲ್ಲ, ಸೋದರಿ. ನಮ್ಮ ಹವಳದ ದಂಡೆಯಲ್ಲಿ ಸಣ್ಣ ಮೀನೇ ಇಲ್ಲ. ನಮ್ಮ ತಂದೆ ಪ್ರತಿದಿನ ದೋಣಿಯ ಬಳಿ ಹೋಗಿ ಕುಳಿತು ಬರುತ್ತಾರೆ.”

“ಪಾಪ,” ಎಂದಳು ವೇಣಿ. ಬೇರೇನೂ ತೋಚಲಿಲ್ಲ.

ಅದೇ ವಾರ ಅವಳು ಆ ಸದ್ದನ್ನು ಕೇಳಿದಳು. ಕಿವಿ ಕಂಧೂಫುಶಿಯ ಹವಳದ ದಂಡೆಯ ಹತ್ತಿರದ್ದು. ಅಲ್ಲಿ ಮಳೆಯಿರಲಿಲ್ಲ, ಗಾಳಿಯಿರಲಿಲ್ಲ, ತಿಳಿಯಾದ ಬೆಳಗು. ಆ ತಿಳಿಯಲ್ಲಿ ಸ್ಪಷ್ಟವಾಗಿ ವಿಂಚೊಂದು ತಿರುಗುತ್ತಿತ್ತು, ಅದರ ಹಿಂದೆ ಇನ್ನೊಂದು, ಅದರಾಚೆ ಮತ್ತೊಂದು. ಹೊರಗಿನ ಯಾರೋ ಹವ್ವಾಳ ಊರಿನ ಸಣ್ಣ ಮೀನನ್ನು ರಾಶಿ ರಾಶಿ ಬಳಿಯುತ್ತಿದ್ದರು. ಎಳೆಯ ಮಗುವಿಗೂ ಎಂಜಿನೆಂದು ಗೊತ್ತಾಗುವ ಸದ್ದು. ಪರದೆಯ ಮೇಲೆ ಯಂತ್ರ ತಣ್ಣಗೆ ಬರೆಯಿತು: ಚಿಪ್ಪಿನ ಸದ್ದು. ಕಲಿಸಿದವರು: ನಾಗವೇಣಿ, ಗಂಗೊಳ್ಳಿ.

ಕೆಳಗೆ ಎರಡು ಗುಂಡಿ, ‘ಸರಿ’, ‘ಸರಿಯಲ್ಲ’. ಸರಿಯಲ್ಲ ಎಂದರೆ ಏಕೆ ಎಂದು ಅದು ಕೇಳುತ್ತದೆ. ನಿಮ್ಮದೇ ಪಾಠವನ್ನು ನೀವೇ ಏಕೆ ಅಲ್ಲಗಳೆಯುತ್ತೀರಿ ಎನ್ನುತ್ತದೆ. ವೇಣಿಯ ಬೆರಳು ಎರಡರ ನಡುವೆ ಬಹಳ ಹೊತ್ತು ನಿಂತಿತು. ಆಮೇಲೆ ಅವಳು ‘ಸರಿ’ ಒತ್ತಿದಳು. ಮರುದಿನವೂ ಒತ್ತಿದಳು. ಹವ್ವಾಳ ತಮ್ಮನ ಕೈ ಬೇರೆಯವರ ಎಂಜಲು ಪಾತ್ರೆಯಲ್ಲಿರುವುದು ಕಣ್ಣಿಗೆ ಕಟ್ಟುತ್ತಿತ್ತು, ಒತ್ತಿದಳು. ತನ್ನ ಕೈಯ ಮೇಲೆ ತನಗೇ ಹೇಸಿಗೆ ಹುಟ್ಟಿ ಮನೆಗೆ ಬಂದು ಸಾಬೂನು ಹಚ್ಚಿ ಉಜ್ಜುತ್ತಿದ್ದರೆ ಅಕ್ಕಣಿ ಕೇಳಿದಳು, “ಎಂತ ಹೆಣ್ಣೆ, ಅಷ್ಟ್ ತೊಳೂಕ್ ಎಂತ ಮೆತ್ತಿತ್ತ್ ಕೈಗೆ?”

“ಎಂತದೂ ಇಲ್ಲೆ ಅತ್ತೆ.”

ಏಪ್ರಿಲ್ ತಿಂಗಳಲ್ಲಿ ಶೇಟರು ಲಾಡು ತರಿಸಿದರು. ನಾಲ್ಕು ದೇಶಗಳ ಸಮಿತಿ ಆ ವರ್ಷ ಹೆಚ್ಚು ಬಳಕೆಗೆ ಬಂದ ಪಾಠಕ್ಕೆ ಮೆಚ್ಚುಗೆಯ ಫಲಕ ಕೊಡುತ್ತಿತ್ತು. ಎಲ್ಲ ದಡಗಳಲ್ಲೂ ಅತಿ ಹೆಚ್ಚು ಬಾರಿ ಗುರುತಾದ ಸದ್ದು ಚಿಪ್ಪಿನದು. “ನಮ್ಮ ಗಂಗೊಳ್ಳಿಗೇ ಬಂದಿದೆ ಮಾರಾಯ್ತಿ,” ಎಂದು ಅವರು ಮಗುವಿನ ಹಾಗೆ ಹಿಗ್ಗಿದರು. “ಹವ್ವಾ ಅಲ್ಲಿಂದ ಎರಡು ಮಾತಾಡ್ತಾರಂತೆ. ಕನ್ನಡದಲ್ಲೇ, ಯಂತ್ರ ಇಲ್ದೆ. ಬಾಯಿಪಾಠ ಮಾಡ್ತಿದ್ದಾರಂತೆ ಪಾಪ.”

ಲಾಡು ವೇಣಿಯ ಅಂಗೈಯಲ್ಲಿತ್ತು. ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. “ಸರ್, ಅದು ಚಿಪ್ಪಲ್ಲ, ನಮ್ಮ ಬೋಟಿನ ವಿಂಚು,” ಎಂದಳು.

ಶೇಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದು ಕೂತರು. “ಯಾರಿಗೆ ಹೇಳಿದ್ದೀರಿ?”

“ಯಾರಿಗೂ ಇಲ್ಲ.”

“ಹಾಗಾದ್ರೆ ಕೇಳಿ ಇಲ್ಲಿ. ಪಾಠ ಹಿಂದಕ್ಕೆ ತಗೊಳ್ಳೋಣ. ಕಾರಣ ಕೇಳಿದಲ್ಲಿ ‘ತಪ್ಪು ತಿಳಿವಳಿಕೆ’ ಅಂತ ಒತ್ತಿ. ಯಾರಿಗಾದ್ರೂ ತಪ್ಪಾಗ್ತದೆ. ನಿಮ್ಮ ಹೆಸರೂ ಉಳೀತದೆ, ಬಂದರೂ ಉಳೀತದೆ.”

ಅವರು ಒಳ್ಳೆಯದಕ್ಕೇ ಹೇಳಿದ್ದು. ವೇಣಿ ಹಾಗೆಯೇ ಮಾಡಿದಳು, ಮಾಡಿ ಹಗುರಾದೆನೆಂದೂ ಅಂದುಕೊಂಡಳು. ಯಂತ್ರ ಹೊಸ ಊಹೆ ಬರೆಯಿತು: ಬಹುಶಃ ಚಿಪ್ಪು. ತಪ್ಪು ತಿಳಿದು ಕಲಿಸಿದ ಪಾಠದಲ್ಲೂ ಅರ್ಧ ಸತ್ಯವಿದ್ದೀತು ಎಂದು ಅದನ್ನು ಕಟ್ಟಿದವರು ನಂಬಿದ್ದರು, ಅರ್ಧವನ್ನು ಅದು ಉಳಿಸಿಕೊಳ್ಳುತ್ತಿತ್ತು. ಬೇರು ಸಮೇತ ಕೀಳಬೇಕೆಂದರೆ ಒತ್ತಬೇಕಾದ್ದು ಕೆಳಗಿನ ಇನ್ನೊಂದು ಸಾಲು: ತಿಳಿದೂ ಹೇಳಿದ ಸುಳ್ಳು. ಇಷ್ಟು ವರ್ಷಗಳಲ್ಲಿ ಆ ಸಾಲನ್ನು ನಾಲ್ಕು ದೇಶಗಳಲ್ಲಿ ಯಾರೂ ಒತ್ತಿರಲಿಲ್ಲ.

“ಬೇಡ ನಾಗವೇಣಿಯವರೇ,” ಎಂದರು ಶೇಟರು, ಸಣ್ಣ ದನಿಯಲ್ಲಿ.

ಅವಳು ಒತ್ತಿದಳು.

ಮನೆಯಲ್ಲಿ ಸುಧಾಕರ ಕೂಗಾಡುತ್ತಾನೆಂದು ಅವಳು ಕಾದಿದ್ದಳು. ಅವನು ಜಗಲಿಯ ಕಂಬಕ್ಕೆ ಒರಗಿ, “ನನ್ ಹೆಸ್ರೂ ಹೇಳ್ದ್ಯಾ?” ಎಂದ.

“ಹೇಳ್ದೆ.”

“ನಿನ್ ಹೆಸ್ರ್?”

“ಅದ್ ಮೊದ್ಲೇ ಇತ್ತಲೆ ಅಲ್ಲ್. ಎಲ್ಲಾ ಬದಿಯಂಗೂ ಇತ್ತ್.”

ಬರುವ ಮಳೆಗಾಲ ಕಳೆದ ಮೇಲೆ ಬಂದರು ಒಂದು ತಿಂಗಳು ತೆರೆಯುವುದಿಲ್ಲ ಎಂಬ ಆದೇಶ ಬಂತು. ಮನೆಗೆ ಯಾರೂ ಕಲ್ಲು ಹೊಡೆಯಲಿಲ್ಲ, ಜಗಳಕ್ಕೂ ಬರಲಿಲ್ಲ. ಹಾಗಾದರೂ ಮಾಡಿದ್ದರೆ ಎನ್ನಿಸುವಂತೆ ಸುಮ್ಮನಾದರು. ಅಕ್ಕಣಿ ಮೀನುಪೇಟೆಗೆ ಹೋದರೆ ಪಕ್ಕದ ಹೆಂಗಸರು ತಮ್ಮ ಬುಟ್ಟಿಯನ್ನು ಒಂದು ಗೇಣು ಆಚೆ ಸರಿಸುತ್ತಿದ್ದರು, ಅಷ್ಟೇ. ಒಂದು ದಿನ ಒಬ್ಬಳು ಮಾತ್ರ, “ಅಕ್ಕಣಿಯಕ್ಕ, ಇವತ್ತ್ ಚಿಪ್ಪಿತ್ತಾ?” ಎಂದಳು. ಅಕ್ಕಣಿ ಮಾರದೆ ಉಳಿದ ಮೀನನ್ನು ಹೊತ್ತು ಬಂದು, ಸೊಸೆಯ ಮುಂದೆ ಬುಟ್ಟಿ ಇಳಿಸಿ, ಆ ಮಾತನ್ನು ಹಾಗೆಯೇ ಹೇಳಿ, ಕಾಲು ತೊಳೆಯಲು ಹೋದಳು.

ಹವ್ವಾಳಿಗೆ ವೇಣಿಯೇ ಹೇಳಬೇಕಿತ್ತು, ಬೇರೆಯವರಿಂದ ತಿಳಿಯುವ ಮೊದಲು. ಯಂತ್ರದ ಭಾಷೆಯಲ್ಲಿ ಹೇಳಿದಳು. ಊಟದ ಹೊತ್ತಿನ ಅಣಕವನ್ನೂ ಬಿಡಲಿಲ್ಲ.

“ತಮ್ಮ ಮಾತು ಅರ್ಥವಾಯಿತು,” ಎಂದಳು ಹವ್ವಾ. ಆಮೇಲೆ ಹೇಳಿದಳು, “ಅಂದು ತಾವು ಹೇಳಿದ ಮೇಲೆ ನಾನು ನಮ್ಮ ಕಟ್ಟೆಯ ಬಂಡೆಯ ಬಳಿ ಹೋಗಿದ್ದೆ. ಅಲ್ಲಿ ಚಿಪ್ಪುಗಳಿವೆ. ಮಂಡಿಯೂರಿ ಕಿವಿಯಿಟ್ಟು ಕೇಳಿದೆ. ಅವು ಏನೂ ಹೇಳಲಿಲ್ಲ. ನಮ್ಮ ಚಿಪ್ಪುಗಳು ಬೇರೆ, ಗಂಗೊಳ್ಳಿಯ ಚಿಪ್ಪುಗಳು ಬೇರೆ ಎಂದುಕೊಂಡು ಮನೆಗೆ ಬಂದೆ.”

ವೇಣಿ ಕ್ಷಮೆ ಎಂಬ ಶಬ್ದ ಹುಡುಕಿದಳು. ಪಠ್ಯಪುಸ್ತಕದ ಆ ಶಬ್ದ ಬಾಯಿಗೆ ಬಂದಾಗ, ಹವ್ವಾ ಸಂಪರ್ಕದಲ್ಲಿದ್ದಾಳೆಂದು ತೋರುವ ದೀಪ ಆರಿತ್ತು.

ಬೇರು ಕಿತ್ತರೆ ಸಾಲದು, ಆ ಜಾಗದಲ್ಲಿ ನಿಜವನ್ನು ನೆಡಬೇಕು ಎಂಬುದೂ ಒಪ್ಪಂದದ ನಿಯಮ. ಯಾವ ಸದ್ದಿಗೆ ಸುಳ್ಳು ಹೆಸರಿಟ್ಟರೋ ಅದೇ ಸದ್ದು, ಅದೇ ಮಳೆಯಲ್ಲಿ, ಅದೇ ದೋಣಿಯಿಂದ ಮತ್ತೆ ಕೇಳಿಸಬೇಕು, ನೆರೆಯ ಕೇಳುಗರು ಅದನ್ನು ವಿಂಚೆಂದು ಒಪ್ಪಬೇಕು. ಸಣ್ಣ ಮಳೆ, ದೊಡ್ಡ ಮಳೆ, ಗಾಳಿ ಸೇರಿದ ಮಳೆ, ಎಲ್ಲದರಲ್ಲೂ. ಹೀಗಾಗಿ ಜೂನ್ ಹುಟ್ಟಿದ ಮೇಲೆ ಮಳೆ ಬಂದಾಗೆಲ್ಲ ಸುಧಾಕರ ಬಲೆಯಿಲ್ಲದ ದೋಣಿಗೆ ವಿಂಚು ಹತ್ತಿಸಿ ಅಳಿವೆಯ ಆಚೆಯ ಬೋಯಾದ ಹತ್ತಿರ ಹೋಗಿ ನಿಲ್ಲಬೇಕಾಯಿತು. ಮೊದಲ ದಿನ ಅವನೊಬ್ಬನೇ ಹೋದ. ಅವನ ಜೊತೆ ಗಂಜಿ ಉಂಡು ನಕ್ಕವರು ದೋಣಿ ದಬ್ಬುವುದಕ್ಕೂ ಬರಲಿಲ್ಲ.

ದಕ್ಕೆಯ ಮೇಲೆ ಕೊಡೆ ಹಿಡಿದ ಮಂದಿ ನೆರೆದರು. ನೋಡುವುದಕ್ಕೆ ಏನೂ ಇರಲಿಲ್ಲ, ಮಳೆಯ ಪರದೆಯ ಹಿಂದೆ ಒಂದು ಕಪ್ಪು ಚುಕ್ಕೆ. ಆದರೂ ನಿಂತರು. ಅವರ ನಡುವೆ ಕೊಡೆಯಿಲ್ಲದೆ ಅಕ್ಕಣಿಯೂ ನಿಂತಿದ್ದಳು.

ಕೇಂದ್ರದ ಮೇಲಿನ ಕೋಣೆಯಲ್ಲಿ ವೇಣಿಯ ಒಂದು ಕೈಯಲ್ಲಿ ವೈರ್‌ಲೆಸ್ಸು. ಇನ್ನೊಂದು ಬದಿಯಲ್ಲಿ ಹವ್ವಾಳ ದೀಪ ಹೊತ್ತಿತ್ತು. “ಶುರು ಮಾಡಿ,” ಎಂದಳು ವೇಣಿ ಗಂಡನಿಗೆ. ಮಳೆಯ ಪದರಗಳ ಅಡಿಯಲ್ಲಿ ಹಲ್ಲು ಸವೆದ ವಿಂಚು ತೊದಲತೊಡಗಿತು.

“ಕೇಳಿಸಿತು,” ಎಂದಳು ಹವ್ವಾ. ಸೋದರಿ ಎನ್ನಲಿಲ್ಲ. “ಗಂಗೊಳ್ಳಿ, ಮತ್ತೊಮ್ಮೆ.”

ಸುಧಾಕರ ಮತ್ತೊಮ್ಮೆ ಓಡಿಸಿದ. ಮತ್ತೂ ಒಮ್ಮೆ. ಹವ್ವಾಳ ದನಿಯಲ್ಲಿ ಸಿಟ್ಟಿರಲಿಲ್ಲ. ಪರಿಚಯವಿಲ್ಲದ ಊರಿನ ರೈಲಿನ ಹೊತ್ತು ಹೇಳುವವರ ದನಿ ಹೇಗಿರುತ್ತದೋ ಹಾಗಿತ್ತು. ವೇಣಿ ಪ್ರತಿ ಸಲವೂ ಆ ಮಾತನ್ನು ವೈರ್‌ಲೆಸ್ಸಿಗೆ ದಾಟಿಸಿದಳು.

ಅಷ್ಟರಲ್ಲಿ ಮಳೆ ನಿಂತಿತು. ನಮ್ಮ ಕಡೆಯ ಮಳೆ ಹಾಗೆಯೇ, ಯಾರೋ ಬಾಗಿಲು ಹಾಕಿದಂತೆ ನಿಲ್ಲುತ್ತದೆ. ಇದ್ದಕ್ಕಿದ್ದಂತೆ ಇಡೀ ಅಳಿವೆಯ ಮೇಲೆ ಬೇರೆ ಯಾವ ಸದ್ದೂ ಇಲ್ಲದೆ ವಿಂಚೊಂದೇ ಬತ್ತಲೆಯಾಗಿ ಕೇಳಿತು. ಕಿವಿಯೂ ಬೇಡ, ಯಂತ್ರವೂ ಬೇಡ. ದಕ್ಕೆಯ ಮಂದಿ ಒಬ್ಬೊಬ್ಬರಾಗಿ ಕೊಡೆ ಮಡಚಿ, ತಲೆಯೆತ್ತಿ ಕೇಂದ್ರದ ಕಿಟಕಿಯ ಕಡೆ ನೋಡಿದರು. ದೋಣಿಯಲ್ಲಿ ಸುಧಾಕರ ನೆಟ್ಟಗೆ ನಿಂತದ್ದು ಈಗ ಸ್ಪಷ್ಟವಾಗಿ ಕಾಣುತ್ತಿತ್ತು.

“ಮಳೆ ಹೋಯ್ತಲ್ಲ, ನಿಲ್ಸೂಕ್ ಹೇಳ್,” ವೈರ್‌ಲೆಸ್ಸಿನಲ್ಲಿ ಅವನ ದನಿ ಬಂತು. “ಎಲ್ಲಾ ಕಾಣ್ತಿದ್ರ್ ಮಾರಾಯ್ತಿ. ಹ್ವಾಯ್, ನಿಲ್ಸ್ಲ್ಯಾ?”

“ಇವತ್ತಿಗೆ ಸಾಕು ಅಂತ ಹೇಳಿಬಿಡಿ,” ಎಂದರು ಶೇಟರು, ಕಿಟಕಿಯಿಂದ ಮುಖ ತಿರುಗಿಸಿ.

ವೇಣಿ ಹವ್ವಾಳ ದೀಪದ ಕಡೆ ನೋಡಿದಳು. “ಮಳೆ ನಿಂತಿದೆ. ನಿಲ್ಲಿಸಬಹುದೇ?” ಎಂದು ಕೇಳಿದಳು.

“ನಮ್ಮಲ್ಲಿ ಮಳೆಯಿಲ್ಲದ ದಿನವೂ ಅದು ಚಿಪ್ಪಾಗಿತ್ತು,” ಎಂದಳು ಹವ್ವಾ. “ಓಡಲಿ.”

ವೇಣಿ ವೈರ್‌ಲೆಸ್ಸನ್ನು ಬಾಯಿಯ ಹತ್ತಿರ ತಂದಳು. ಬಂದರಿನ ಪ್ರತಿ ಬೋಟಿನಲ್ಲೂ ಪ್ರತಿ ಮನೆಯಲ್ಲೂ ಆ ಚಾನಲ್ಲು ತೆರೆದಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಿಟಕಿಯಿಂದ ಸರಿದು ನಿಲ್ಲಲು ಜಾಗವಿತ್ತು, ಸರಿಯಲಿಲ್ಲ.

“ನಿಲ್ಸ್ಬೇಡಿ,” ಎಂದಳು. “ಓಡ್ಸಿ. ಎಲ್ಲರಿಗೂ ಕೇಳ್ಲಿ.”